ಒಂಟಿಯಾನೆ ಹಾಡಿಗೆ ಎಲೆ ಬಿಟ್ಟು ಎದ್ದ ಬೀಗರು

ಮುಹೂರ್ತದ ದಿನ ಹೊಸೂರಿನಲ್ಲಿ ಒಬ್ಬ ರ‍್ಯಾಪರ್ ಕೂಡ ಬಿಡುವಾಗಿ ಸಿಗುವುದಿಲ್ಲ. ವ್ಯವಸ್ಥೆಯ ವಿರುದ್ಧ ಗುಡುಗುವವನು ಅಂದು ಯಾವುದೋ ಕಲ್ಯಾಣ ಮಂಟಪದಲ್ಲಿ ಕೋಟು ಹಾಕಿಕೊಂಡು ನಿಂತು, "ಹುಡುಗಿಯ ಸೋದರಮಾವ ಎಲ್ಲಿದ್ದರೂ ವೇದಿಕೆಗೆ ಬರಬೇಕು" ಎಂದು ಮೂರು ಭಾಷೆಯಲ್ಲಿ ಕರೆಯುತ್ತಿರುತ್ತಾನೆ. ಜಾತಿಯ ಬುಡ ಅಲ್ಲಾಡಿಸುವ ಹಾಡು ಬರೆದವನು ಯಾರದೋ ಮಗುವಿನ ಮೊದಲ ಹುಟ್ಟುಹಬ್ಬದಲ್ಲಿ ಕರಡಿ ವೇಷ ತೊಟ್ಟು ಒಳಗೊಳಗೇ ಬೆವರುತ್ತಿರುತ್ತಾನೆ. ಇನ್ನೊಬ್ಬ ಜೂಜುವಾಡಿಯ ಹೊಸ ಬಿರಿಯಾನಿ ಅಂಗಡಿಯ ಮುಂದೆ ನಿಂತು ಲಾರಿ ಡ್ರೈವರ್‌ಗಳನ್ನು ಪ್ರಾಸಬದ್ಧವಾಗಿ ಊಟಕ್ಕೆ ಕರೆಯುತ್ತಿರುತ್ತಾನೆ. ಕ್ರಾಂತಿಗೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಮಾತ್ರ ಪುರುಸೊತ್ತು.

ಇವರನ್ನೆಲ್ಲ ನಾನು ಬಲ್ಲೆ. ಕನ್ನಡ ಪತ್ರಿಕೆಯೊಂದಕ್ಕೆ ಗಡಿಭಾಗದ ಸುದ್ದಿ ಕಳಿಸುವವನು ನಾನು. ಟೊಮೆಟೊ ಧಾರಣೆ, ಲಾರಿ ಅಪಘಾತ, ಆನೆ, ಮತ್ತೆ ಟೊಮೆಟೊ. ನಡುವೆ ಯಾವುದಾದರೂ ಉದ್ಘಾಟನೆಗೆ ಹೋದರೆ ಅಲ್ಲಿ ಮೈಕ್ ಹಿಡಿದವನು ರ‍್ಯಾಪರ್ ಆಗಿರುತ್ತಾನೆ. ಕೇಳಿದರೆ, "ಇದು ಸುಮ್ಕೆ ಸೈಡಲ್ಲಿ ಸಾರ್" ಎನ್ನುತ್ತಾನೆ. ನಾನು ಕಂಡಂತೆ ಸೈಡಿನಲ್ಲಿ ಇರುವುದು ಹಾಡು. ನಡುಮನೆಯಲ್ಲಿ ಕೂತಿರುವುದು ಕರಡಿ ವೇಷ.

ಅವರಲ್ಲಿ ಒಬ್ಬ ನನ್ನ ಅಕ್ಕನ ಮಗ, ನನಗೆ ಸೋದರಳಿಯ. ಅವನ ವೇದಿಕೆಯ ಹೆಸರು ಇಂಗ್ಲಿಷಿನಲ್ಲಿದೆ, ಕೊನೆಗೊಂದು ಅಂಕಿಯೂ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಇದನ್ನೂ ಪ್ರಚಾರ ಎಂದುಕೊಳ್ಳುತ್ತಾನೆ. ಅಕ್ಕ ಅವನನ್ನು ಇವತ್ತಿಗೂ ತೊಟ್ಟಿಲ ಕಾಲದ ಹೆಸರಿನಿಂದ ಕೂಗುತ್ತಾಳೆ. ಅದನ್ನು ಬರೆದರೆ ನನ್ನ ಮೇಲೆ ಹಾಡು ಕಟ್ಟುತ್ತಾನೆ.

ಅಕ್ಕನ ಮನೆ ಸಾನಮಾವು ಕಾಡಿನ ಅಂಚಿನ ಒಂದು ಊರಿನಲ್ಲಿದೆ. ಹಿತ್ತಿಲು ದಾಟಿದರೆ ರಾಗಿ ಹೊಲ, ಹೊಲ ದಾಟಿದರೆ ಕೆರೆ, ಕೆರೆ ದಾಟಿದರೆ ಕಾಡು. ಅಳಿಯ ಡಿಪ್ಲೊಮಾ ಮುಗಿಸಿ ಹೊಸೂರಿನ ಕಾರ್ಖಾನೆಯೊಂದರಲ್ಲಿ ಶಿಫ್ಟಿಗೆ ಹೋಗುತ್ತಿದ್ದ. ಮಿಷಿನ್ನಿನ ಸದ್ದಿಗೆ ಹಾಡಿನ ಸಾಲು ಕಟ್ಟುತ್ತ ಕೂತು ಸೂಪರ್‌ವೈಸರ್ ಕೈಯಲ್ಲಿ ಬೈಸಿಕೊಂಡ. ಆ ಬೈಗುಳವನ್ನೂ ಸಾಲಾಗಿ ಕಟ್ಟಿ ಫೋನಿನಲ್ಲಿ ಹರಿಬಿಟ್ಟ. ಸೂಪರ್‌ವೈಸರ್‌ಗೂ ಫೋನ್ ಇತ್ತು. ಕೆಲಸ ಹೋಯಿತು.

ಅಲ್ಲಿಂದ ಅವನು ತನ್ನನ್ನು ಪೂರ್ಣಾವಧಿ ಕಲಾವಿದ ಎಂದು ಕರೆದುಕೊಂಡ. ಪೂರ್ಣಾವಧಿ ಮಾಡಿದ ಕೆಲಸಗಳು ಬೇರೆ. ಮದುವೆ ಆರತಕ್ಷತೆಗೆ ನಿರೂಪಣೆ, ಹೆಣ್ಣುಮಕ್ಕಳು ದೊಡ್ಡವರಾದ ಶಾಸ್ತ್ರಕ್ಕೆ ನಿರೂಪಣೆ, ಟೆನ್ನಿಸ್ ಬಾಲ್ ಕ್ರಿಕೆಟ್ಟಿಗೆ ಕಾಮೆಂಟರಿ, ಕೇಬಲ್ ಚಾನೆಲ್ಲಿನಲ್ಲಿ ಹೆಂಗಸಿನ ವೇಷದ ಕಾಮಿಡಿ. ಇದರ ಮೇಲೆ ಪ್ರಚಾರದ ಆಟೊಗಳಿಗೆ ಧ್ವನಿ. ಸೈಟು ಮಾರುವವರು, ಹಲ್ಲಿನ ಡಾಕ್ಟರು, ಸೀರೆ ಅಂಗಡಿ, ಹಳೇ ಬ್ಯಾಟರಿ ಕೊಳ್ಳುವವರು, ಎಲ್ಲರೂ ಅವನ ಗಂಟಲಿನಿಂದಲೇ ಮಾತಾಡುತ್ತಿದ್ದರು. ಹೊಸೂರಿನಿಂದ ಕೆಲಮಂಗಲಕ್ಕೆ ಬಸ್ಸಿನಲ್ಲಿ ಹೋದರೆ ಅಕ್ಕನ ಮಗ ನನ್ನನ್ನು ಕಿಟಕಿಯ ಪಕ್ಕದಲ್ಲೇ ಹಿಂಬಾಲಿಸುತ್ತಿದ್ದ.

"ನಿನ್ನ ಹಾಡು ಮಾತ್ರ ಎಲ್ಲೂ ಕೇಳಲಿಲ್ಲವಲ್ಲೋ" ಎಂದೆ ಒಮ್ಮೆ.

"ಕೇಳಿಸ್ತೀನಿ ಇರು ಮಾವ. ಮೊದ್ಲು ವಾಯ್ಸ್ ಪಬ್ಲಿಕ್‌ಗೆ ರಿಜಿಸ್ಟರ್ ಆಗ್ಬೇಕು."

ಧ್ವನಿ ಜನರ ಮನಸ್ಸಿನಲ್ಲಿ ಕೂತಿದ್ದೇನೋ ನಿಜ. ಆದರೆ ಅದು ಕೂತದ್ದು ಸೀರೆಗೂ ಅಲ್ಲ, ಸೈಟಿಗೂ ಅಲ್ಲ.

ರಾಗಿ ಕೊಯ್ಲಿನ ಹೊತ್ತಿಗೆ ಸಾನಮಾವಿಗೆ ಆನೆಗಳು ಬರುತ್ತವೆ. ಸಂಜೆ ಇಳಿಯುತ್ತವೆ, ಬೆಳಗಾಗುವ ಮುಂಚೆ ಹೋಗುತ್ತವೆ. ಅವು ಇಳಿದದ್ದು ಗೊತ್ತಾದರೆ ಆಟೊಗೆ ಮೈಕ್ ಕಟ್ಟಿಕೊಂಡು ಊರೂರಿಗೆ ಸಾರುತ್ತಾರೆ. ಹಿಂದೆ ಅರಣ್ಯದ ಗಾರ್ಡ್ ಒಬ್ಬರು ತಾವೇ ಕೂಗುತ್ತಿದ್ದರು. ಅವರಿಗೆ ಗಂಟಲು ಕಟ್ಟಿದ ವರ್ಷ ನನ್ನ ಅಳಿಯನನ್ನು ಹುಡುಕಿಕೊಂಡು ಬಂದರು. ಇವನು ಸಂಭ್ರಮದಿಂದ ಎಂಟು ಸಾಲು ಪ್ರಾಸ ಕಟ್ಟಿ, ತಾಳ ಸೇರಿಸಿ ಕೇಳಿಸಿದ. ಗಾರ್ಡ್ ಕೈಮುಗಿದರು.

"ತಂಬಿ, ಪಾಟ್ಟು ಬೇಡಪ್ಪಾ. ಆನೆ ಬಂದೈತೆ ಅಂತ ಯೋಳು. ಪೋದುಂ, ಅಷ್ಟೇ ಸಾಕು."

ಹಾಗಾಗಿ ರೆಕಾರ್ಡಿನಲ್ಲಿ ಉಳಿದದ್ದು ಇಷ್ಟು. ಮೊದಲು ಸೈರನ್. ಆಮೇಲೆ ತಮಿಳು, ಅದರ ಹಿಂದೆ ಕನ್ನಡ, ಕೊನೆಗೆ ತೆಲುಗು. ಕನ್ನಡದ ಭಾಗ ಹೀಗಿತ್ತು: "ಒಂಟಿಯಾನೆ ಕಾಡಿಂದ ಇಳಿದಿದೆ. ಕೆರೆ ದಾಟಿ ಬಂದಿದೆ. ಹೊಲದ ಕಡೆ ಹೋಗಬೇಡಿ. ದನ ಒಳಗೆ ಕಟ್ಟಿ. ದಾರಿ ಬಿಡಿ." ಪ್ರಾಸವಿಲ್ಲ, ಉಪಮೆಯಿಲ್ಲ, ಅವನ ಹೆಸರಿಲ್ಲ. ಅವನು ಬರೆದ ಸಾಲುಗಳಲ್ಲಿ ಜನ ಹೇಳಿದಂತೆ ಕೇಳಿದ್ದು ಇವನ್ನು ಮಾತ್ರ. ಆ ಧ್ವನಿ ಬೀದಿಯ ತುದಿಯಲ್ಲಿ ಕೇಳಿದರೆ ಸಾಕು, ಅಂಗಳದಲ್ಲಿ ಕೂತವರು ಎದ್ದು ಒಳಗೆ ಹೋಗುತ್ತಿದ್ದರು. ಹಿಂದೊಂದು ವರ್ಷ ಅಕ್ಕನ ಪಕ್ಕದ ಮನೆಯಾತ ಮೋಟರ್ ಹಾಕಲು ಹೊಲಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಆ ಬೀದಿಯಲ್ಲಿ 'ಆನೆ' ಎಂದು ಯಾರೂ ತಮಾಷೆಗೂ ಅನ್ನುವುದಿಲ್ಲ.

ನನ್ನ ಅಳಿಯನಿಗೆ ಇದು ಹೆಮ್ಮೆಯ ವಿಷಯವಾಗಿರಲಿಲ್ಲ. ಅವನ ಲೆಕ್ಕದಲ್ಲಿ ಅದು ಹಲ್ಲಿನ ಡಾಕ್ಟರ ಪ್ರಚಾರದ ಪಕ್ಕಕ್ಕೆ ಬರುವ ಕೆಲಸ.

ಒಮ್ಮೆ ಹೊಸೂರಿನಲ್ಲಿ ಈ ರ‍್ಯಾಪರ್‌ಗಳೆಲ್ಲ ಸೇರಿ ತಮ್ಮದೇ ಕಾರ್ಯಕ್ರಮ ಮಾಡಿದರು. ವರದಿಗೆಂದು ನಾನೂ ಹೋದೆ. ಹಾಡುವವರೇ ಕೇಳುವವರು. ತನ್ನ ಸರದಿ ಮುಗಿದವನು ಬ್ಯಾಗಿನಿಂದ ಕೋಟು ತೆಗೆದು ಹಾಕಿಕೊಂಡು ಯಾವುದೋ ಮಂಟಪಕ್ಕೆ ಹೊರಡುತ್ತಿದ್ದ. ನನ್ನ ಅಳಿಯನ ಸರದಿ ಬರುವ ಹೊತ್ತಿಗೆ ಉಳಿದವನು ಕರಡಿ ವೇಷದವನೊಬ್ಬ. ಅವನೂ ವೇಷದ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಗಡಿಯಾರ ನೋಡುತ್ತಿದ್ದ. ಎರಡನೇ ಚರಣಕ್ಕೆ ಅವನನ್ನೂ ಯಾರೋ ಫೋನ್ ಮಾಡಿ ಕರೆದರು. ಅಳಿಯ ಹಾಡನ್ನು ಅಲ್ಲಿಗೇ ನಿಲ್ಲಿಸಿ ವೈರು ಸುತ್ತತೊಡಗಿದ.

ಇದನ್ನು ಅಕ್ಕನಿಗೆ ಹೇಳಿದಾಗ ಅವಳು ನಗಲಿಲ್ಲ.

"ಊರೋರ್ ಮದ್ವೇಲೆಲ್ಲ ಬಾಯ್ ಬಡ್ಕಂಡ್ ಬತ್ತಾನೆ. ಒಂದ್ಸಲನಾರ ತನ್ ಹಾಡ ತಾನು ಪೂರ್ತಿ ಹಾಡ್ಲಿ, ಜನ ಕೂತ್ಕಂಡ್ ಕೇಳ್ಲಿ ಅಂತ ನಂಗೊಂದಾಸೆ ಕಣೋ" ಎಂದಳು.

ಆ ಆಸೆ ಈಡೇರುವ ಹಾಗೆ ಕಂಡದ್ದು ಮುಂದಿನ ಕೊಯ್ಲಿನ ಕಾಲದಲ್ಲಿ. ಬೆಂಗಳೂರಿನ ಹಾಡಿನ ಕಂಪನಿಯೊಂದು ಹೊಸ ರ‍್ಯಾಪರ್‌ಗಳನ್ನು ಹುಡುಕುತ್ತಿತ್ತು. ಇವನು ಕಳಿಸಿದ ಹಾಡು ಕೇಳಿ ಅಲ್ಲಿನವರೊಬ್ಬರು ಫೋನ್ ಮಾಡಿದರು. ಸ್ಟುಡಿಯೋದಲ್ಲಿ ಎಲ್ಲರೂ ಚೆನ್ನಾಗಿಯೇ ಹಾಡುತ್ತಾರೆ, ನಿಮ್ಮ ಜನರ ಮುಂದೆ ಹೇಗೆ ಹಾಡುತ್ತೀರಿ ನೋಡಬೇಕು, ಆಮೇಲೆ ತೆಗೆದುಕೊಳ್ಳುವ ಮಾತು ಎಂದರು. ಅಳಿಯನಿಗೆ ತನ್ನ ಜನ ಎಂದು ಯಾರೂ ಇರಲಿಲ್ಲ. ಇದ್ದವರೆಲ್ಲ ಬೇರೆಯವರ ಮದುವೆಗೆ ಬಂದವರು. ಕೆಲಮಂಗಲದ ಒಂದು ಮಂಟಪದಲ್ಲಿ ಅವನಿಗೆ ಆರತಕ್ಷತೆಯ ನಿರೂಪಣೆ ಇತ್ತು. ಮದುವೆಗಂಡು ಅವನ ಪಕ್ಕದ ಊರಿನವನು, ಜೊತೆಗೆ ಓದಿದವನು. ಅವನನ್ನು ಕೇಳಿ ಐದು ನಿಮಿಷ ಗಿಟ್ಟಿಸಿಕೊಂಡ. ಕಂಪನಿಯವರಿಗೆ "ಅವತ್ತು ನನ್ನ ಲೈವ್ ಷೋ ಇದೆ, ಸಾವಿರ ಜನ ಬರುತ್ತಾರೆ" ಎಂದು ತಿಳಿಸಿದ. ಸುಳ್ಳೇನಲ್ಲ. ಬರುವವರು ಊಟಕ್ಕೆ ಬರುತ್ತಾರೆ ಎಂಬುದನ್ನು ಮಾತ್ರ ಹೇಳಲಿಲ್ಲ.

"ಇದೊಂದ್ ಆಗ್ಲಿ ಅಮ್ಮ. ಆಮೇಲೆ ಈ ಮೈಕು, ವೇಷ ಎಲ್ಲ ಬುಟ್ಬುಡ್ತೀನಿ. ಹಾಡು ಒಂದೇ" ಎಂದು ಅಕ್ಕನ ಮುಂದೆ ಮಾತು ಕೊಟ್ಟದ್ದನ್ನು ನಾನೇ ಕೇಳಿದ್ದೇನೆ.

ಆ ಹಾಡಿನ ಹೆಸರು 'ಒಂಟಿಯಾನೆ'. ರ‍್ಯಾಪ್ ಎಂದರೆ ಮುಕ್ಕಾಲು ಪಾಲು ಆತ್ಮಪ್ರಶಂಸೆ ಎಂದು ಅಷ್ಟು ಹೊತ್ತಿಗೆ ನನಗೆ ತಿಳಿದಿತ್ತು. ಆದರೂ ಕೇಳಿದೆ, ಆನೆಯೇ ಯಾಕೆ?

"ಮಾವ, ಎಲ್ರೂ ಹುಲಿ ಅಂತಾರೆ, ಸಿಂಹ ಅಂತಾರೆ. ಅವ್ರಲ್ಲಿ ಹುಲಿ ನೋಡಿರೋನ್ ಯಾವನವ್ನೆ? ನಾನು ಆನೆ ನೋಡಿವ್ನಿ."

ಮಾತಿನಲ್ಲಿ ನ್ಯಾಯವಿತ್ತು. ಹಾಡಿನ ಎರಡನೇ ಭಾಗದಲ್ಲಿ "ಮಾರಾಟಕ್ಕಿಲ್ಲ ನಾನು, ರೇಟ್ ಕೇಳ್ಬ್ಯಾಡ" ಎಂಬ ಸಾಲು ಬರುತ್ತಿತ್ತು. ಹಳೇ ಬ್ಯಾಟರಿಗೂ ಧ್ವನಿ ಕೊಟ್ಟವನ ಬಾಯಿಂದ ಅದನ್ನು ಕೇಳುವಾಗ ನಾನು ಮುಖ ಗಂಭೀರವಾಗಿ ಇಟ್ಟುಕೊಂಡೆ. ಇಪ್ಪತ್ತು ವರ್ಷ ಉದ್ಘಾಟನಾ ಭಾಷಣ ಕೇಳಿದವನಿಗೆ ಅದೇನೂ ಕಷ್ಟವಲ್ಲ.

ಆರತಕ್ಷತೆ ನಮ್ಮ ಕಡೆ ಮದುವೆಯ ಹಿಂದಿನ ಸಂಜೆ ನಡೆಯುತ್ತದೆ. ಧಾರೆ ಮರುದಿನ ಬೆಳಗ್ಗೆ. ಮೊದಲ ಪಂಕ್ತಿಗೆ ಗಂಡಿನ ಕಡೆಯವರನ್ನು ಕೂರಿಸುತ್ತಾರೆ. ಬೀಗರು ಎಲೆಯ ಮುಂದೆ ಕೂತ ಮೇಲೆ ಮಜ್ಜಿಗೆ ಬರುವವರೆಗೂ ಹೆಣ್ಣಿನ ತಂದೆಗೆ ಉಸಿರು ಸರಿಯಾಗಿ ಬರುವುದಿಲ್ಲ. ಊಟದ ನಡುವೆ ಬೀಗರು ಎಲೆ ಬಿಟ್ಟು ಎದ್ದರೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮದುವೆ ಮುರಿಯಿತು.

ಆ ಮಂಟಪದಲ್ಲಿ ಮದುವೆಯ ಹಾಲ್ ಮೇಲೆ, ಊಟದ ಹಾಲ್ ಕೆಳಗೆ. ಮೈಕಿನ ಸ್ಪೀಕರ್ ಎರಡೂ ಕಡೆ. ಕಂಪನಿಯವರನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಂಪನಿಯಿಂದ ಬಂದದ್ದು ಬಿಳಿ ಶೂ ಹಾಕಿದ ಯುವಕರೊಬ್ಬರೇ. ಬಂದವರೇ, "ಸರ್, ಅತ್ತಿಬೆಲೆ ಹತ್ತಿರ ಟ್ರಾಫಿಕ್ ಜಾಸ್ತಿ ಆಗೋದರೊಳಗೆ ನಾನು ವಾಪಸ್ ಹೊರಡಬೇಕು. ಊಟ ಮಾಡ್ತಾ ಕೇಳಿಬಿಡ್ತೀನಿ, ಕೆಳಗೂ ಚೆನ್ನಾಗಿ ಕೇಳುತ್ತಲ್ಲ" ಎಂದರು. ಹೀಗೆ ಅವರೂ ನಾನೂ ಗಂಡಿನ ಕಡೆಯವರ ಪಂಕ್ತಿಯ ತುದಿಯಲ್ಲಿ ಕೂತೆವು. ಮೇಲೆ, ಕಣ್ಣಿಗೆ ಹೊಡೆಯುವ ಬಣ್ಣದ ದೀಪಗಳ ನಡುವೆ ನಿಂತ ಅಳಿಯ, ಮುಂದಿನ ಸಾಲಿನಲ್ಲಿ ಬಿಳಿ ಶೂ ಇದೆ ಎಂದೇ ನಂಬಿದ್ದ.

ಹೊತ್ತು ಮುಳುಗುತ್ತಿತ್ತು. ಎಲೆಗೆ ಬಿಸಿಬೇಳೆ ಬಾತು ಬಂದು, ಜಿಲೇಬಿ ಬಂದು, ಅನ್ನ ಬರುವುದರಲ್ಲಿತ್ತು. ಆಗ ಸ್ಪೀಕರಿನಲ್ಲಿ ಸೈರನ್ ಕೂಗಿತು.

ಹಾಡಿಗೆ ತಾಳ ಕಟ್ಟಿದ್ದು ಅವನ ಗೆಳೆಯ. ಮದುವೆಗಳಿಗೆ ಸೌಂಡ್ ಸೆಟ್ ಹಾಕುವವನೂ ಅವನೇ, ಆನೆಯ ಸಾರುವಿಕೆಯನ್ನು ರೆಕಾರ್ಡ್ ಮಾಡಿದವನೂ ಅವನೇ. ಅವನ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಒಂದೇ ಸೈರನ್, ಹಾಡಿನ ಮೊದಲಿಗೂ ಅದನ್ನೇ ಹಾಕಿದ್ದ. ಅದರ ಹಿಂದೆಯೇ ಆ ಧ್ವನಿ, ಮೊದಲು ತಮಿಳು. ಆಮೇಲೆ ಕನ್ನಡ.

"ಒಂಟಿಯಾನೆ ಬಂದೌನೆ! ಕಾಡಿಂದ ಇಳ್ದೌನೆ! ಕೆರೆ ದಾಟಿ ಬಂದೌನೆ! ದಾರಿ ಬಿಡ್ರಲಾ!"

ಪಂಕ್ತಿಯಲ್ಲಿ ಕೈಗಳು ನಿಂತವು. ನನ್ನ ಎದುರು ಕೂತಿದ್ದ ಮುದುಕಿ ಮೊದಲು ಎದ್ದಳು.

"ಅಯ್ಯೋ, ಆನೆ ಬಂದ್ಬುಡ್ತಂತೆ ಏಳ್ರೋ!"

"ಯಾವ್ ಕಡೇಗಮ್ಮೋ?"

"ಕೆರೆ ದಾಟ್ಬುಟ್ಟೈತಂತೆ ಕಣ್ಲಾ, ಮೈಕಲ್ ಯೋಳ್ತಾವ್ರಲ್ಲ, ಕಿವಿ ಇಲ್ವಾ ನಿಂಗೆ? ನಮ್ ಹಸ ಆಚ್ಗೇ ಕಟ್ ಬಂದಿವ್ನಿ!"

"ಅಣ್ಣ ಒಬ್ನೇ ರಾಗಿ ಕಾಯ್ತಾವ್ನೆ ಕಣೋ, ಫೋನ್ ಹಾಕೋ, ಫೋನ್ ಹಾಕೋ!"

ಬಕೆಟ್ ಹಿಡಿದ ಬಡಿಸುವವನು ಗಾಬರಿಯಾಗಿ ಅಡ್ಡ ನಿಂತ. "ಕೂತ್ಕಳ್ರಿ, ಪಾಯಸ ಬತ್ತಾ ಐತೆ."

"ನಿನ್ ಪಾಯಸ ಆನೆಗ್ ಬಡ್ಸೋಗಯ್ಯಾ!"

ಕೈ ತೊಳೆಯಲೂ ಯಾರೂ ನಿಲ್ಲಲಿಲ್ಲ. ಸಾಲಿಗೆ ಸಾಲೇ ಎದ್ದು, ಎಂಜಲು ಕೈ ಮೇಲೆತ್ತಿಕೊಂಡು, ಮಕ್ಕಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಾಗಿಲಿಗೆ ನುಗ್ಗಿತು. ಒಬ್ಬ ಮಾತ್ರ ಜಿಲೇಬಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡ. ಮೇಲೆ ನನ್ನ ಅಳಿಯ, ಯಾರೂ ತನ್ನನ್ನು ತಡೆಯಲಾರರು ಎಂದು ತೆಲುಗಿನಲ್ಲಿ ಸಾರುತ್ತಿದ್ದ.

ಹೆಣ್ಣಿನ ಕಡೆಯವರು ಕೃಷ್ಣಗಿರಿಯ ಆಚೆಯವರು. ಅವರ ಊರಿಗೆ ಆನೆಯೂ ಬರುವುದಿಲ್ಲ, ಆ ಆಟೊವೂ ಬರುವುದಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಒಂದೇ: ನಾಳೆ ಧಾರೆ, ಇವತ್ತು ಬೀಗರು ಎಲೆ ಬಿಟ್ಟು ಎದ್ದಿದ್ದಾರೆ. ಹೆಣ್ಣಿನ ತಂದೆ ಶಲ್ಯ ಜಾರುತ್ತಿದ್ದರೂ ಲೆಕ್ಕಿಸದೆ ವ್ಯಾನಿನ ಹಿಂದೆ ಓಡಿದರು.

"ಏನ್ ಕಮ್ಮಿ ಮಾಡಿದ್ವಿ ಯೋಳ್ರಣ್ಣಾ? ಅಮ್ಮಯ್ಯಾ, ಎಲೆ ಬುಟ್ ಯಾಕ್ ಎದ್ರಿ?"

ಗಂಡಿನ ಸೋದರಮಾವ ಆಗಲೇ ವ್ಯಾನಿನಲ್ಲಿ ಒಂದು ಕಾಲು ಇಟ್ಟಿದ್ದ. ಅವನಿಗೆ ವಿವರಿಸುವ ವ್ಯವಧಾನ ಇರಲಿಲ್ಲ.

"ಬತ್ತೀವಿ ಬುಡಿ! ಬದ್ಕಿದ್ರೆ ಬೆಳಗ್ಗೆ ಬತ್ತೀವಿ!"

ವ್ಯಾನು ಹೊರಟಿತು. ಹೆಣ್ಣಿನ ತಂದೆ ಚಪ್ಪರದ ಬಾಳೆಕಂಬ ಹಿಡಿದುಕೊಂಡು ಅಲ್ಲೇ ಕುಸಿದು ಕೂತರು. ಬೀಗರು ಪ್ರಾಣದ ಮಾತಾಡಿ ಹೋಗಿದ್ದಾರೆ ಎಂದು ಒಳಗೆ ಸುದ್ದಿ ಹಬ್ಬಿತು. ಮೇಲೆ ಹುಡುಗಿ ಅಳತೊಡಗಿದಳು. ಹುಡುಗ ಏನೆಂದು ತಿಳಿಯದೆ ಅವಳ ಕೈ ಹಿಡಿಯಲು ಹೋದ. ಅವಳು ಕೈ ಕಿತ್ತುಕೊಂಡಳು. ಆಗ ಸೌಂಡ್ ಸೆಟ್ಟಿನ ಗೆಳೆಯ ಹೋಗಿ ಹಾಡಿನ ವೈರು ಎಳೆದ. 'ಮಾರಾಟಕ್ಕಿಲ್ಲ' ಎಂಬ ಭಾಗ ಇನ್ನೂ ಬಂದಿರಲಿಲ್ಲ.

ಖಾಲಿ ಪಂಕ್ತಿಯಲ್ಲಿ ಉಳಿದವರು ನಾನು ಮತ್ತು ಕಂಪನಿಯವರು. ಅವರು ಬಾತು ಕಲಸುವುದನ್ನು ನಿಲ್ಲಿಸಿರಲಿಲ್ಲ. ಮುಖ ಹೊಳೆಯುತ್ತಿತ್ತು.

"ಮೊದಲ ಸಾಲಿಗೇ ಜನ ಎದ್ದು ನಿಂತದ್ದನ್ನ ನಾನು ಎಲ್ಲೂ ನೋಡಿಲ್ಲ ಸರ್."

"ಎದ್ದು ನಿಂತದ್ದಲ್ಲ, ಎದ್ದು ಹೋದರು" ಎಂದೆ.

"ಹೋದರೇನು ಸರ್, ಎದ್ದರಲ್ಲ."

ಗಂಡಿನ ಕಡೆಯವರು ಅರ್ಧ ದಾರಿಯಲ್ಲಿ ಗಾರ್ಡಿಗೆ ಫೋನ್ ಮಾಡಿದರು. ಅಂದು ಆನೆ ಇದ್ದದ್ದು ಡೆಂಕಣಿಕೋಟೆ ಕಡೆ. ವ್ಯಾನುಗಳು ತಿರುಗಿ ಬಂದವು. ಹೊಸ ಎಲೆ ಹಾಸಿದರು. ಹೆಣ್ಣಿನ ತಂದೆ ತಾವೇ ನಿಂತು ಪಾಯಸ ಬಡಿಸಿದರು. ನನ್ನ ಅಳಿಯನನ್ನು ವೇದಿಕೆಗೆ ಹತ್ತಿಸಿ ಮೂರು ಭಾಷೆಯಲ್ಲಿ ಕ್ಷಮೆ ಕೇಳಿಸಿದರು. ಅವನು ಮೈಕಿನಲ್ಲಿ "ಆನೆ ಬಂದಿಲ್ಲ" ಎಂದಾಗ ಮುದುಕಿ ಮತ್ತೆ ಅರ್ಧ ಎದ್ದಳು.

"ಇದೇ ವಾಯ್ಸು ಬಂದೈತೆ ಅಂತು, ಈಗ್ ಇದೇ ವಾಯ್ಸು ಬಂದಿಲ್ಲ ಅಂತದೆ. ಯಾವ್ದ್ನ ನಂಬಾದು?"

ಕೆಳಗಿಳಿದು ಬಂದವನನ್ನು ಹೆಣ್ಣಿನ ತಂದೆ ತಡೆದು ನಿಲ್ಲಿಸಿದರು. ಬೈಯಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳುವವರಂತೆ ಕೇಳಿದರು: "ನೀನ್ ಆನೆ ಆದ್ರೆ ಕಾಡಲ್ ಇರಪ್ಪಾ. ನಮ್ ಮಗಳ್ ಮದ್ವೇಗ್ಯಾಕ್ ಬಂದೆ?"

ಮರುದಿನ ಧಾರೆಯ ಹೊತ್ತಿಗೆ ಮೈಕ್ ಹಿಡಿದವನು ಕರಡಿ ವೇಷದ ರ‍್ಯಾಪರ್. ನಮ್ಮಲ್ಲಿ ಒಬ್ಬ ಕ್ರಾಂತಿಕಾರಿ ಬಿದ್ದರೆ ಇನ್ನೊಬ್ಬ ಕೋಟು ಇಸ್ತ್ರಿ ಮಾಡಿಕೊಂಡು ಸಿದ್ಧನಿರುತ್ತಾನೆ.

ಕಚೇರಿಗೆ ಸುದ್ದಿ ಕಳಿಸಿದೆ. ಡೆಸ್ಕಿನಿಂದ ಫೋನ್ ಬಂತು.

"ಆನೆ ಬಂದಿತ್ತಾ?"

"ಇಲ್ಲ."

"ಯಾರಿಗಾದರೂ ಪೆಟ್ಟು?"

"ಇಲ್ಲ."

"ಮತ್ತೆ ಸುದ್ದಿ ಏನು?"

"ಜನ ಎದ್ದರು."

ಒಳಪುಟದಲ್ಲಿ ನಾಲ್ಕು ಸಾಲು ಬಂತು. ಗಾಯಕ ಎಂದು ಬರೆದಿದ್ದೆ. ಡೆಸ್ಕಿನವರು ಅದನ್ನು ನಿರೂಪಕ ಎಂದು ತಿದ್ದಿದ್ದರು. ಅಳಿಯ ನನ್ನೊಂದಿಗೆ ಬಹಳ ದಿನ ಮಾತು ಬಿಟ್ಟ.

ಮಾತಾಡಿದ್ದು ಕಂಪನಿಯವರ ಫೋನ್ ಬಂದ ಮೇಲೆ. ಅವರು ತೆಗೆದುಕೊಳ್ಳಲು ತಯಾರಿದ್ದರು. ತೆಗೆದುಕೊಳ್ಳುವುದು 'ಒಂಟಿಯಾನೆ' ಅಲ್ಲ, ಆಟೊದಲ್ಲಿ ಬರುವುದು; ಅದರ ಕಥೆಯನ್ನು ಅಂದು ಅವರಿಗೆ ಹೇಳಿದವನು ನಾನೇ. ಆ ಸೈರನ್, ಆ ಐದು ಸಾಲು, ಮೂರು ಭಾಷೆ, ಅದೇ ಧ್ವನಿ. ಕೆಳಗೆ ಕುಣಿಯುವಂಥ ತಾಳ ಅವರು ಹಾಕಿಕೊಳ್ಳುತ್ತಾರೆ. ಮದುವೆ, ಗಣೇಶ, ಕಾಲೇಜು, ಎಲ್ಲ ಕಡೆ ಓಡುತ್ತದೆ. ಅವನ ಸ್ವಂತ ಹಾಡನ್ನು ಆಮೇಲೆ ನೋಡೋಣ ಎಂದಿದ್ದರು.

ಅಳಿಯ ಅಕ್ಕನ ಮನೆಯ ಜಗುಲಿಯ ಮೇಲೆ ಕೂತು ನಮಗೆ ಇದನ್ನು ಹೇಳುವಾಗ ಕಣ್ಣಲ್ಲಿ ಹೊಳಪಿತ್ತು. ಹೆಸರಂತೂ ಬರುತ್ತದೆ, ಒಳಗೆ ಕಾಲಿಟ್ಟ ಮೇಲೆ ಮುಂದಿನದು ತನ್ನ ಕೈಲಿ ಎಂದ. ಅಕ್ಕ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ.

"ಕುಣಿಯಾಕ್ ಹಾಕ್ತಾರಂತಾ ಅದ್ನ?"

"ಹೂಂ ಅಮ್ಮ. ಡ್ಯಾನ್ಸ್ ನಂಬರ್."

"ಮದ್ವೆ ಮನೇಲಿ ಅದ್ಕೆ ಕುಣ್ಕಂಡ್ ಬಂದೋರು, ಆಮೇಕೆ ಸಂಜೆ ಬೀದೀಲಿ ಅದೇ ಬಂದ್ರೆ ದನ ಕಟ್ತಾರೇನ್ಲಾ? ಕುಣೀತಾರೆ."

ಅವನು ಏನೋ ಹೇಳಲು ಹೋಗಿ ಪಕ್ಕದ ಮನೆಯ ಕಡೆ ನೋಡಿದ. ಆ ಮನೆಯ ಹೆಂಗಸು ಅಂಗಳದಲ್ಲಿ ಒಬ್ಬಳೇ ರಾಗಿ ಹುಲ್ಲು ಎಳೆದು ಹಾಕುತ್ತಿದ್ದಳು.

ಅವನು ತಕ್ಷಣ ಧರ್ಮಾತ್ಮನಾದ ಎಂದು ಬರೆದರೆ ವರದಿ ತಪ್ಪಾಗುತ್ತದೆ. ಮೊದಲು ಬೇರೆ ಧ್ವನಿಯಲ್ಲಿ ಹೇಳಿಕೊಡುತ್ತೇನೆ ಎಂದು ಕಂಪನಿಯವರನ್ನು ಒಪ್ಪಿಸಲು ನೋಡಿದ. ಅದು ಬಿರಿಯಾನಿ ಅಂಗಡಿಯವನ ಹಾಗೆ ಕೇಳಿಸಿತು. ಸೈರನ್ ಬದಲಿಸೋಣ ಎಂದ. ಅವರಿಗೆ ಬೇಕಾದದ್ದೇ ಆ ಸೈರನ್. ಆಟೊದ ಸಾರುವಿಕೆಯನ್ನೇ ಬೇರೆಯವನಿಂದ ಹೇಳಿಸಿದರೆ ಹೇಗೆ ಎಂದು ಗಾರ್ಡನ್ನು ಕೇಳಿದ. "ತಂಬಿ, ಜನ ನಂಬಾಕೆ ಮೂರು ವರ್ಷ ಹಿಡೀತು" ಎಂದಷ್ಟೇ ಹೇಳಿ ಅವರು ಫೋನಿಟ್ಟರು. ಕೊನೆಗೆ ಇವನೇ ಕಂಪನಿಯವರಿಗೆ ಆಗುವುದಿಲ್ಲ ಎಂದ. ಯಾಕೆ ಎಂದು ಕೇಳಿದ್ದಕ್ಕೆ, "ನಮ್ಮೂರಲ್ಲಿ ಅದು ಹಾಡಲ್ಲ ಸರ್" ಎಂದನಂತೆ. ಅವನ ಎಲ್ಲ ಹಾಡುಗಳನ್ನು ಕೇಳಿದವನಾಗಿ ಹೇಳುತ್ತೇನೆ, ಅದಕ್ಕಿಂತ ಒಳ್ಳೆಯ ಸಾಲು ಅವನು ಬರೆದಿಲ್ಲ.

ಹಾಗೆಂದು ಸುಮ್ಮನಿರುವ ಜಾತಿಯಲ್ಲ ಅದು. ತಾನು ಬೇಡವೆಂದದ್ದನ್ನೇ ವೀಡಿಯೊ ಮಾಡಿ ಹರಿಬಿಟ್ಟ. ಕಾಡಿನ ಅಂಚಿನಲ್ಲಿ ನಿಂತು, ಗಾಳಿಗೆ ಕೂದಲು ಬಿಟ್ಟುಕೊಂಡು, ತಾನು ಮಾರಾಟಕ್ಕಿಲ್ಲ ಎಂದು ಮೂರು ಭಾಷೆಯಲ್ಲಿ ಹೇಳಿದ. ಹಾಡುಗಳನ್ನು ನೋಡದವರೆಲ್ಲ ಅದನ್ನು ನೋಡಿದರು. ಟಿ.ವಿ. ಹಾಸ್ಯ ಕಾರ್ಯಕ್ರಮದವರೂ ನೋಡಿದರು. ವಾರದೊಳಗೆ ಮಾರಾಟವಾಯಿತು.

ಅಲ್ಲಿ ಅವನಿಗೆ ಕೊಟ್ಟಿರುವುದು ರ‍್ಯಾಪರ್ ಪಾತ್ರವೇ. ಪ್ರತಿ ವಾರ ಅವನು ಹೊಳೆಯುವ ಜಾಕೆಟ್ ಹಾಕಿಕೊಂಡು ಬಂದು ಹಾಡು ಶುರು ಮಾಡುತ್ತಾನೆ. ಎರಡನೇ ಸಾಲಿಗೆ ದಪ್ಪ ನಟನೊಬ್ಬ ಅವನ ಬಾಯಿಗೆ ಬಾಳೆಹಣ್ಣು ತುರುಕುತ್ತಾನೆ. ಒಂದು ವಾರ ಟವೆಲ್, ಒಂದು ವಾರ ಬೋಂಡಾ. ಜನ ಬಿದ್ದು ಬಿದ್ದು ನಗುತ್ತಾರೆ. ಹಾಡು ಯಾವಾಗ ಎಂದು ಕೇಳಿದರೆ, "ಇದು ಸುಮ್ಕೆ ಸೈಡಲ್ಲಿ ಮಾವ" ಎನ್ನುತ್ತಾನೆ.

ಈ ಸಲದ ಕೊಯ್ಲಿನಲ್ಲಿ ಒಂದು ಭಾನುವಾರ ಸಂಜೆ ಅಕ್ಕನ ಮನೆಗೆ ಹೋಗಿದ್ದೆ. ಅಳಿಯನೂ ಬಂದಿದ್ದ. ಪಕ್ಕದ ಮನೆಯವಳೂ ಇನ್ನಿಬ್ಬರು ಹೆಂಗಸರೂ ನಡುಮನೆಯಲ್ಲಿ ಕೂತು ಅವನ ಕಾರ್ಯಕ್ರಮ ನೋಡುತ್ತಿದ್ದರು. ಅವನು ಟಿ.ವಿ. ನೋಡುತ್ತಿರಲಿಲ್ಲ, ನೋಡುವವರ ಮುಖ ನೋಡುತ್ತಿದ್ದ. ಪರದೆಯ ಮೇಲೆ ಜಾಕೆಟ್ ಬಂತು, ಮೊದಲ ಸಾಲು ಬಂತು. ಬಾಳೆಹಣ್ಣು ಬರುವುದರಲ್ಲಿತ್ತು.

ಬೀದಿಯ ತುದಿಯಲ್ಲಿ ಸೈರನ್ ಕೂಗಿತು.

ಅಕ್ಕ ರಿಮೋಟ್ ಒತ್ತಿ ಟಿ.ವಿ. ಆರಿಸಿದಳು. "ಏಳ್ರವ್ವಾ, ಏಳಿ" ಎಂದಳು. ಹೆಂಗಸರು ಸೆರಗು ಸಿಕ್ಕಿಸಿಕೊಂಡು ತಮ್ಮ ತಮ್ಮ ಮನೆಗೆ ಹೊರಟರು. ಒಬ್ಬರೂ ಅವನ ಕಡೆ ತಿರುಗಿ ನೋಡಲಿಲ್ಲ. ಅವನೂ ಎದ್ದ. ಹಿತ್ತಿಲಿಗೆ ಹೋಗಿ ಹಸುವಿನ ಹಗ್ಗ ಬಿಚ್ಚಿ, ಕರುವನ್ನು ಮುಂದೆ ಮಾಡಿ ಒಳಗೆ ತಂದು ಕಟ್ಟಿದ. ನಾನು ಅಗುಳಿ ಹಾಕಿದೆ. ಆಟೊ ನಮ್ಮ ಬಾಗಿಲ ಮುಂದೆ ನಿಧಾನವಾಗಿ ಹಾದು ಊರ ಕೊನೆಯ ಮನೆಯವರೆಗೂ ಹೋಯಿತು. ಅವನದೇ ಧ್ವನಿಯಲ್ಲಿ ತಮಿಳು ಮುಗಿಯಿತು, ಕನ್ನಡ ಮುಗಿಯಿತು, ತೆಲುಗೂ ಮುಗಿಯಿತು. ಕತ್ತಲೆಯಲ್ಲಿ ಅಕ್ಕ ಬಾಗಿಲಿಗೆ ಕಿವಿ ಕೊಟ್ಟು ಕೂತು ಅಷ್ಟನ್ನೂ ಕೇಳಿದಳು.